ಅರ್ಪಿತಳ ಹೆಸರಿನ ಪುಟ

ಹಾಜರಿ ಸಾಲದೆ ಹಾಲ್ ಟಿಕೆಟ್ ಸಿಗದವರ ಪಟ್ಟಿಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದ ದಿನ ಅರ್ಪಿತ ಗಿರೀಶನ ಮೇಜಿನ ಮುಂದೆ ಬಂದು ನಿಂತಳು. ಕೆ.ಆರ್.ಪೇಟೆಯ ಆ ಪದವಿ ಕಾಲೇಜಿನಲ್ಲಿ ಗಿರೀಶ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಎಪ್ಪತ್ತೆರಡು ಮಕ್ಕಳಿಗೆ ಮೆಂಟರ್ ಕೂಡ. ತಿಂಗಳಿಗೊಮ್ಮೆ ಅವರನ್ನು ಕೂರಿಸಿಕೊಂಡು ಓದು, ಹಾಜರಿ, ಮನೆಯ ಕಷ್ಟ ವಿಚಾರಿಸಿ ದಾರಿ ತೋರಿಸಬೇಕಿತ್ತು; ಅದನ್ನು ಮೆಂಟರ್ ಪುಸ್ತಕದ ಅವರವರ ಪುಟದಲ್ಲಿ ಬರೆದು ಅವರ ಸಹಿ ಪಡೆಯಬೇಕಿತ್ತು. ಸಿಂಧಘಟ್ಟದ ಅರ್ಪಿತ ಅವರಲ್ಲೊಬ್ಬಳು, ಕೊನೆಯ ಸೆಮಿಸ್ಟರ್.

"ಸಾರ್, ನನ್ ಹೆಸ್ರೂ ಅದ್ರಲ್ಲೈತೆ. ಅವ್ವನ್ನ ವಾರಕ್ಕೆರಡ್ ದಿನ ಮೈಸೂರ್ಗೆ ಡಯಾಲಿಸಿಸ್‌ಗೆ ಕರ್ಕೊಂಡೋಗ್ತಿದ್ದೆ. ಆಸ್ಪತ್ರೆ ಚೀಟಿ ಎಲ್ಲಾ ಅವೆ."

"ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?"

"ಯಾರ್ಗ್ ಏಳ್ಬೇಕು ಅಂತ ಗೊತ್ತಾಗ್ನಿಲ್ಲ ಸಾರ್."

ಗಿರೀಶನಿಗೆ ಅವಳ ಮುಖ ನೋಡಲಾಗಲಿಲ್ಲ. ಪ್ರಾಂಶುಪಾಲರು ಶಿಫಾರಸು ಬರೆದರೆ ಇಂಥವರಿಗೆ ವಿನಾಯಿತಿ ಸಿಗುವುದುಂಟು. ಆದರೆ ಅದು ಇವತ್ತೇ ನಾಲ್ಕು ಗಂಟೆಯೊಳಗೆ ವಿಶ್ವವಿದ್ಯಾಲಯ ಮುಟ್ಟಬೇಕು. ಅವಳನ್ನು ಕರೆದುಕೊಂಡು ಪ್ರಾಂಶುಪಾಲರ ಕೋಣೆಗೆ ಓಡಿದ.

ಪ್ರಾಂಶುಪಾಲರು ಮೆಂಟರ್ ಪುಸ್ತಕ ತರಿಸಿ ಅರ್ಪಿತಳ ಪುಟ ತೆರೆದರು. "ಹಾಜರಿ ಕಡಿಮೆ ಅಂತ ನೀವೇ ಮೂರು ಸಲ ಎಚ್ಚರಿಸಿದ್ದೀರಿ. ಇವಳೂ ಸಹಿ ಹಾಕಿದ್ದಾಳೆ. ಇನ್ನು ನಾನೇನಂತ ಬರೀಲಿ?"

ಅರ್ಪಿತ ಬಗ್ಗಿ ನೋಡಿದಳು. "ಇದು ನನ್ ಸೈನ್ ಅಲ್ಲ ಸಾರ್."

ಕಾಲೇಜಿಗೆ ತಪಾಸಣಾ ಸಮಿತಿ ಬರುವ ಹಿಂದಿನ ದಿನ ಗಿರೀಶ ಸ್ಟಾಫ್ ರೂಮಿನಲ್ಲಿ ಕೂತು ಎಪ್ಪತ್ತೆರಡು ಪುಟಗಳನ್ನೂ ಒಂದೇ ಮಧ್ಯಾಹ್ನ ತುಂಬಿಸಿದ್ದ. ಮಕ್ಕಳ ಸಹಿಗೆ ಪೆನ್ನು ಬದಲಾಯಿಸಿದ್ದ. ಯಾರಿಗೆ ಏನಾದೀತು ಎಂದುಕೊಂಡಿದ್ದ.

"ಅವಳದಲ್ಲ ಸಾರ್," ಎಂದ. "ನಾನೇ ಹಾಕಿದ್ದು."

ಪ್ರಾಂಶುಪಾಲರು ಅರ್ಪಿತಳನ್ನು ಹೊರಗೆ ಕಳಿಸಿದರು. "ಸಮಿತಿ ಈ ಪುಸ್ತಕ ನೋಡಿ ಮೆಚ್ಚಿ ಹೋಗಿದೆ ಗಿರೀಶ್. ಈಗ ಸುಳ್ಳು ಅಂತ ಒಪ್ಪಿಕೊಂಡರೆ ಕಾಲೇಜಿನ ಗತಿಯೇನು? ನಾನು ಸಹಿ ಮಾಡಲ್ಲ. ನೀವೂ ಸುಮ್ಮನಿದ್ದರೆ ನಿಮಗೇ ಒಳ್ಳೆಯದು."

ಗಿರೀಶ ಸುಮ್ಮನಿರಲಿಲ್ಲ. ನಡೆದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಆಸ್ಪತ್ರೆಯ ಚೀಟಿಗಳೊಂದಿಗೆ ಮೈಸೂರಿನ ಬಸ್ಸು ಹತ್ತಿದ. ಪಾಂಡವಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಾಗ ಇಳಿದು ಮೈಸೂರಿಗೆ ಓಡಿಯೇ ಹೋಗಿಬಿಡೋಣ ಅನ್ನಿಸಿತು. ಮೂರೂ ಮುಕ್ಕಾಲಿಗೆ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗ ತಲುಪಿದ. ಅಲ್ಲಿನ ಗುಮಾಸ್ತೆ ಪತ್ರವನ್ನು ಪೂರ್ತಿ ಓದಿದಳು.

"ಪ್ರಾಂಶುಪಾಲರ ಮೊಹರಿಲ್ಲದೆ ತಗೊಳ್ಳೋಕೆ ಬರಲ್ಲ ಸರ್. ಒಂದು ಫೋನ್ ಮಾಡಿಸಿ, ಮೇಲಿನವರನ್ನ ಕೇಳಿ ನೋಡ್ತೀನಿ."

ಗಿರೀಶ ಏಳು ಸಲ ಫೋನ್ ಮಾಡಿದ. ಪ್ರಾಂಶುಪಾಲರು ಎತ್ತಲಿಲ್ಲ. ನಾಲ್ಕು ಗಂಟೆ ದಾಟಿತು.

ಸಂಜೆ ಸಿಂಧಘಟ್ಟಕ್ಕೆ ಹೋದ. ಅರ್ಪಿತಳ ಅಪ್ಪ ಚಿಕ್ಕಸ್ವಾಮಿ ಆಗಷ್ಟೇ ಡೇರಿಗೆ ಹಾಲು ಹಾಕಿ ಬಂದಿದ್ದ. ಜಗಲಿಯಲ್ಲಿ ಅವಳ ಅವ್ವ ಮಾಯಮ್ಮ ಗೋಡೆಗೊರಗಿ ಕೂತಿದ್ದಳು. ಗಿರೀಶ ಏನನ್ನೂ ಮುಚ್ಚಿಡದೆ ಹೇಳಿದ.

ಚಿಕ್ಕಸ್ವಾಮಿ ಹಾಲಿನ ಕ್ಯಾನನ್ನು ಕೆಳಗಿಟ್ಟ. ಆಮೇಲೆ ಕೇಳಿದ, "ನಮ್ ಉಡ್ಗಿ ಮಕ ಗುರ್ತಿತ್ತಾ ಮೇಷ್ಟ್ರೆ, ನಿಮ್ಗೆ?"

"ಇಲ್ಲ. ಇವತ್ತೇ ಸರಿಯಾಗಿ ನೋಡಿದ್ದು."

"ಬಯ್ಯಾಕೂ ಆಯ್ತಿಲ್ಲ ನಂಗೆ. ಓಗಿ ಬುಡಿ."

ಗಿರೀಶ ಪತ್ರವನ್ನು ಅರ್ಪಿತಳ ಕೈಗಿತ್ತ. "ಇದು ನಿನ್ ಹತ್ರ ಇರ್ಲಮ್ಮ. ಎಲ್ಲಿ ಕೇಳಿದ್ರೂ ಬಂದು ಹೇಳ್ತೀನಿ." ಅವಳು ನಿಂತಲ್ಲೇ ಓದಿದಳು. ಪರೀಕ್ಷೆಗೆ ಇನ್ನು ಆರು ದಿನವಿತ್ತು.

ಅಷ್ಟರಲ್ಲಿ ಮಾಯಮ್ಮ ಕಣ್ಣೊರೆಸಿಕೊಂಡು ಹೇಳಿದಳು, "ನನ್ನಿಂದ್ಲೇ ಇಂಗಾಯ್ತು. ಇನ್ಮೇಲೆ ನಾನ್ ಆಸ್ಪತ್ರೆಗೆ ಬರಾಕಿಲ್ಲ ಕನವ್ವ."

"ತಪ್ಪು ನಿಮ್ಮದಲ್ಲಮ್ಮ, ನಂದು," ಎಂದ ಗಿರೀಶ. ಎರಡು ಸಲ ಹೇಳಿದ. ಮಾಯಮ್ಮ ಮುಖವನ್ನು ಗೋಡೆಯ ಕಡೆಗೆ ಮಾಡಿಕೊಂಡಳು. ಅರ್ಪಿತ ಪತ್ರ ಕೆಳಗಿಟ್ಟು ಅವ್ವನ ಪಕ್ಕ ಕೂತು, ಸೂಜಿ ಚುಚ್ಚಿ ಚುಚ್ಚಿ ಊದಿದ ಅವಳ ಕೈಯನ್ನು ಹಿಡಿದುಕೊಂಡು, ಆಸ್ಪತ್ರೆಗೆ ಬಾರವ್ವ, ಬರ್ತೀನಿ ಅನ್ನವ್ವ ಎಂದು ಒಂದೇ ಸಮನೆ ಬೇಡತೊಡಗಿದಳು.