ಮನೆ ವಿಷಯ

ಆಸ್ಟ್ರೇಲಿಯಾದ ಜೀಲಾಂಗಿನಲ್ಲಿ, ನಾನು ಕೆಲಸಕ್ಕಿದ್ದ ಸ್ತಮಾತಿಸನ ಹೋಟೆಲಿನಲ್ಲಿ ಮೀನು ಕರಿಯುವಾಗ ಕುದಿಯುವ ಎಣ್ಣೆ ನನ್ನ ತೋಳಿನ ಮೇಲೆ ಚೆಲ್ಲಿತು. ಆಸ್ಪತ್ರೆಗೆ ಕಾರು ಓಡಿಸುತ್ತಲೇ ಆ ಮಹಾಶಯ ಶುರುಮಾಡಿದ: "ನೋಡಮ್ಮ ಫೊತಿನಿ, ಮನೇಲಿ ಸುಟ್ಕೊಂಡೆ ಅಂತ ಹೇಳು. ಕೆಲಸದಲ್ಲಿ ಆಯ್ತು ಅಂದ್ರೆ ಇನ್ಶೂರೆನ್ಸ್‌ನೋರು ನನ್ನ ಕಂತು ಏರಿಸ್ತಾರೆ. ನಾವೆಲ್ಲ ಒಂದೇ ಮನೆಯೋರಲ್ವಾ?"

ಜ್ಞಾನಸ್ನಾನದ ದಿನ ನಮ್ಮ ಗ್ರೀಕ್ ಪದ್ಧತಿಯಂತೆ ನನ್ನ ಮಗಳ ಮೈಗೆಲ್ಲ ಎಣ್ಣೆ ಹಚ್ಚಿ ಅವಳಿಗೆ ಧರ್ಮಪಿತನಾದವನು. ಇಲ್ಲವೆನ್ನಲು ಬಾಯಿ ಬರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್‌ಗೆ ಹಾಗೇ ಹೇಳಿದೆ.

ಅವಳು ತಕ್ಷಣ, ಸುದ್ದಿ ತಿಳಿದು ಓಡಿಬಂದಿದ್ದ ನನ್ನ ಗಂಡನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದಳು.

"ಹೆದರ್ಬೇಡಿ. ಎಣ್ಣೆ ಎರಚಿದ್ದು ಅವರೇನಾ?"

"ಅಯ್ಯೋ, ಅಲ್ಲ!"

"ಮೊದಲು ಎಲ್ರೂ ಹಾಗೇ ಅಂತಾರೆ."

ಮತ್ತೆ ಬಾಗಿಲು ತೆರೆದಾಗ ಪೊಲೀಸರು ನನ್ನ ಗಂಡನನ್ನು ಪ್ರಶ್ನಿಸುತ್ತಿದ್ದರು. ಪಕ್ಕದಲ್ಲಿದ್ದ ಸ್ತಮಾತಿಸ್ ಕೈ ಕೊಡವಿದ: "ಅವ್ರ ಮನೆ ವಿಷ್ಯ ಸಾರ್, ನಂಗೇನ್ ಗೊತ್ತು?"