ರೌಜಾಳ ನಿದ್ದೆ

ಚಹಾದ ಬಟ್ಟಲು ಕೈಯಲ್ಲಿದ್ದಂತೆಯೇ ರೌಜಾ ತೂಕಡಿಸಿದಳು. ಚಹಾ ಮಡಿಲಿಗೆ ಚೆಲ್ಲಿ, ಬೆಚ್ಚಿ ಕಣ್ಣು ಬಿಟ್ಟರೆ ಎದುರಿಗೆ ಗಂಡ ಎರ್ಸಾಯಿನ್ ಬೆಣ್ಣೆ ಸವರುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಬೆಳಗಿನ ಎಂಟು ಗಂಟೆ. ಅವಳಿಗೆ ಗಾಢ ನಿದ್ದೆಯ ಹೊತ್ತು.

ಒಸ್ಕೆಮೆನ್ ಪಟ್ಟಣದ ಬ್ರೆಡ್ ಕಾರ್ಖಾನೆಯಲ್ಲಿ ಇಪ್ಪತ್ತೊಂದು ವರ್ಷ ರಾತ್ರಿ ಪಾಳಿಯಲ್ಲಿ ಹಿಟ್ಟು ನಾದಿದವಳು ಅವಳು. ಎರ್ಸಾಯಿನ್ ಹಗಲು ಬಸ್ಸು ಓಡಿಸುತ್ತಿದ್ದ. ಅವಳು ಒಳಗೆ ಬರುವಾಗ ಅವನು ಹೊರಗೆ. ಸಂಸಾರವೆಲ್ಲ ಹೊಸ್ತಿಲ ಮೇಲೇ ನಡೆದುಹೋಗಿತ್ತು. ಈ ವಸಂತದಲ್ಲಿ ರಕ್ತದೊತ್ತಡ ಏರಿ, ಕೆಲಸದ ನಡುವೆ ತಲೆ ಸುತ್ತಿ ಬಿದ್ದ ಮೇಲೆ ಡಾಕ್ಟರು ರಾತ್ರಿ ಪಾಳಿ ಬಿಡಿಸಿದರು. ಮೈಯೊಳಗೂ ಒಂದು ಗಡಿಯಾರವಿದೆ, ಅದಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು, ನಿಮ್ಮದು ತಲೆಕೆಳಗಾಗಿದೆ ಎಂದರು.

ರೌಜಾ ಅವರು ಕೊಟ್ಟ ಗುಳಿಗೆಯನ್ನೇನೋ ನುಂಗಿದಳು. ಆದರೆ ಹಗಲಾದರೆ ಕಿಟಕಿ ಮುಚ್ಚಿ ಮಲಗುವಳು, ಕತ್ತಲಾದರೆ ಎದ್ದು ಹಿಟ್ಟು ನಾದುವಳು. ಎರಡು ವಾರದಲ್ಲಿ ಅವಳ ರೊಟ್ಟಿ ತಿನ್ನದ ನೆರೆಯವರೇ ಉಳಿಯಲಿಲ್ಲ. ಪಾತ್ರೆಗಳ ಸದ್ದಿಗೆ ನಿದ್ದೆಗೆಟ್ಟ ಎರ್ಸಾಯಿನ್ ಒಂದು ದಿನ ಜನ ಕಾಯುತ್ತಿದ್ದ ನಿಲ್ದಾಣವನ್ನೇ ದಾಟಿ ಹೋದ.

"ನಿಂಗೆ ಗಂಡ ಬ್ಯಾಡ, ಒಲೆ ಇದ್ರೆ ಸಾಕು," ಎಂದು ಅವನು ಮುನಿಸಿಕೊಂಡ ದಿನವೇ ಅತ್ತೆ ಬಾತಿಮಾಳ ಫೋನು ಬಂತು. ಬೇಸಿಗೆಗೆಂದು ಅವಳು ಕಿರಿಮಗನ ಕುದುರೆಗಳ ಜತೆ ಅಲ್ತಾಯ್ ಬೆಟ್ಟದ ಹುಲ್ಲುಗಾವಲಿಗೆ ಹೋಗಿದ್ದಳು. ಹಾಲು ಕರೆಯಲು ಕೈ ಸಾಲದು, ಸೊಸೆಯನ್ನು ಕಳಿಸು ಎಂದಳು.

ಅಲ್ಲಿ ಕರೆಂಟಿರಲಿಲ್ಲ. ಹೆಣ್ಣು ಕುದುರೆಗಳನ್ನು ಸೂರ್ಯ ಹುಟ್ಟಿದಾಗಿನಿಂದ ಎರಡೆರಡು ಗಂಟೆಗೊಮ್ಮೆ ಕರೆಯಬೇಕು. ಹಗಲು ಮಲಗುವ ಮಾತೇ ಇಲ್ಲ.

"ಏಳೇ ಗೂಬೆ," ಎಂದು ಬಾತಿಮಾ ಕಂಬಳಿ ಎಳೆಯುತ್ತಿದ್ದಳು. "ಕುದುರೆಗೆ ನಿನ್ ಪಾಳಿ ಗೊತ್ತಿಲ್ಲ."

"ಅತ್ತೆ, ಕಾಲಲ್ಲಿ ಶಕ್ತೀನೇ ಇಲ್ಲ."

"ಕಾಲಲ್ಲಿ ಯಾರೇ ಹಾಲ್ ಕರೀತಾರೆ? ಬಾ."

ಮೊದಲ ಮೂರು ರಾತ್ರಿ ರೌಜಾ ಗುಡಾರದ ನೆತ್ತಿಯ ಕಿಂಡಿಯಲ್ಲಿ ನಕ್ಷತ್ರ ನೋಡುತ್ತ ಬಿದ್ದುಕೊಂಡಳು. ಬೆಳಿಗ್ಗೆ ಅಳು ಬರುತ್ತಿತ್ತು. ಆರನೆಯ ದಿನ ಮಧ್ಯಾಹ್ನ ಹಸಿವಾಯಿತು. ಎಷ್ಟೋ ವರ್ಷದಿಂದ ಕಾಣದ ಹಸಿವು. ಒಂಬತ್ತನೆಯ ದಿನ ಸಂಜೆ ಊಟದ ತಟ್ಟೆಯ ಮುಂದೆಯೇ ನಿದ್ದೆ ಹೋದಳು. ಮೂರನೆಯ ವಾರ ಬಂದ ನರ್ಸಮ್ಮ ಒತ್ತಡ ಇಳಿದಿದೆ ಎಂದಾಗ, ಬಾತಿಮಾ ಅದು ತಾನು ಹುಳಿ ಬರಿಸಿದ ಕುದುರೆ ಹಾಲಿನ ಗುಣ ಎಂದಳು. ನರ್ಸಮ್ಮ ಬೆಳಕಿನ ಗುಣ ಎಂದಳು. ರೌಜಾ ಇಬ್ಬರಿಗೂ ತಲೆಯಾಡಿಸಿದಳು.

ತಿಂಗಳಾದ ಮೇಲೆ ಎರ್ಸಾಯಿನ್ ಗಡ್ಡ ಬೋಳಿಸಿಕೊಂಡು, ಎರಡು ಕಲ್ಲಂಗಡಿ ಹೊತ್ತು ಬಂದ. ಕಾರ್ಖಾನೆಯವರು ಕೇಳಿಕಳಿಸಿದ್ದರು: ಹಳೆಯ ಜಾಗಕ್ಕೇ ರಾತ್ರಿ ಬರುತ್ತಾಳೋ, ಇಲ್ಲ ಹಗಲು ಕಾರ್ಖಾನೆಯ ಅಂಗಡಿಯಲ್ಲಿ ನಿಲ್ಲುತ್ತಾಳೋ? ಅದನ್ನು ಅವನು ತಲೆ ತಗ್ಗಿಸಿ ಹೇಳಿದ. ಆಗಲೇ ಹೊತ್ತು ಮುಳುಗಿತ್ತು. ಉತ್ತರ ಕೊಡಬೇಕೆಂದು ಬಾಯಿ ತೆರೆದವಳು ಆಕಳಿಸಿ, ಅಲ್ಲೇ ಒರಗಿ ನಿದ್ದೆ ಹೋದಳು.

ಬೆಳಕು ಹರಿಯುವಾಗ ರೌಜಾ ತಾನಾಗಿ ಎದ್ದಳು. ಗುಡಾರದ ಹೊರಗೆ ಗಂಡ ಕಂಬಳಿ ಹೊದ್ದು, ಕಣ್ಣು ಕೆಂಪಗಾಗಿ ಕೂತಿದ್ದ.

"ಹಗಲಿಗೇ ಬರ್ತಾಳೆ ಅಂತ ಹೇಳು," ಎಂದಳು. "ಯಾಕೆ, ಯೋಚನೆಗೆ ನಿದ್ದೆ ಬರ್ಲಿಲ್ವಾ?"

"ಯೋಚನೆ ಅಲ್ಲ, ಗೊರಕೆ. ನೀನ್ ಗೊರಕೆ ಹೊಡೀತೀಯ ಅಂತ ಇಷ್ಟ್ ವರ್ಷ ನಂಗ್ಯಾರೂ ಹೇಳ್ಲೇ ಇಲ್ವಲ್ಲೇ."

"ಯಾರ್ ಹೇಳ್ಬೇಕಿತ್ತು? ಕೇಳೋಕೆ ಮನೇಲಿ ಯಾರಿದ್ರು?"

ಅವನು ನಗಲು ಹೋಗಿ ಕೆಮ್ಮಿದ. ಒಳಗಿನಿಂದ ಬಾತಿಮಾಳ ಕಿಸಕ್ಕೆನ್ನುವ ನಗು ಕೇಳಿತು.

ರೌಜಾ ಬಕೆಟ್ಟು ಎತ್ತಿಕೊಂಡು ಇಬ್ಬನಿಯ ಹುಲ್ಲಿನಲ್ಲಿ ನಡೆದಳು. ಎರ್ಸಾಯಿನ್ ಹಿಂದೆಯೇ ಬಂದು ಕುದುರೆಮರಿಯ ಹಗ್ಗ ಹಿಡಿದು ನಿಂತ. ಬೆಟ್ಟದ ಅಂಚಿನಿಂದ ಬಿಸಿಲು ಇಳಿದು ಅವನ ಮುಖಕ್ಕೆ ಬಿತ್ತು; ನಿಂತಲ್ಲೇ ಅವನ ಕಣ್ಣು ಮುಚ್ಚುತ್ತಿತ್ತು. ಮರಿ ಅವನ ಅಂಗಿಯ ತೋಳನ್ನು ಚೀಪತೊಡಗಿತು. ರೌಜಾ ಅವನನ್ನು ಎಬ್ಬಿಸದೆ, ಮಂಡಿಯ ಮೇಲೆ ಬಕೆಟ್ಟಿಟ್ಟುಕೊಂಡು ಹಾಲು ಕರೆಯುವ ಕೈಯನ್ನು ಸ್ವಲ್ಪ ನಿಧಾನ ಮಾಡಿದಳು.