ಪಕ್ಕದ ಮನೆಯ ಮಕ್ಕಳು

ಡಿಡಿಟಿಯ ವಾಸನೆ ಎಂದರೆ ಸುಮನಬಾಯಿಗೆ ಮೊದಲು ನೆನಪಾಗುವುದು ಅಜ್ಜಿಯ ಬೈಗುಳ. ಹುಮನಾಬಾದಿನ ಅವರ ಮನೆಗೆ ಮಲೇರಿಯಾದವರು ಬಂದಾಗ ಅವಳಿಗೆ ಏಳು ವರ್ಷ. ಹೆಗಲಿಗೆ ಪಂಪು ಹಾಕಿಕೊಂಡ ಇಬ್ಬರು ಅಡುಗೆಮನೆಯವರೆಗೂ ನುಗ್ಗಿ, ಗೋಡೆಗೆಲ್ಲ ಬಿಳಿ ನೀರು ಹೊಡೆದು, ಬಾಗಿಲ ಪಕ್ಕ ಕೆಂಪು ಬಣ್ಣದಲ್ಲಿ ಒಂದು ನಂಬರು ಬರೆದು ಹೋದರು. ಸೀಮೆಎಣ್ಣೆಗೆ ಸುಣ್ಣ ಕಲಸಿದಂಥ ಆ ಘಾಟು ಹದಿನೈದು ದಿನ ರೊಟ್ಟಿಯಲ್ಲೂ ಇತ್ತು, ಹಾಸಿಗೆಯಲ್ಲೂ ಇತ್ತು. ಆ ಮಳೆಗಾಲ ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ ಅನ್ನುವುದು ನಿಜ. ಆದರೂ ಅಜ್ಜಿ ಮಾತ್ರ ನಂಬರಿನ ಮೇಲೆ ಸೆಗಣಿ ಸಾರಿಸಿ, "ಕೇಳದೇ ಒಳಗ ಬಂದವರು ಬರದದ್ದು ನಮ್ಮ ಬಾಗಿಲಿಗಿ ಯಾಕ ಬೇಕು" ಎಂದಿದ್ದಳು.

ಹದಿನೆಂಟು ವರ್ಷದ ಮೇಲೆ, ಎಪ್ಪತ್ತಾರರ ಡಿಸೆಂಬರಿನಲ್ಲಿ, ಬಸವಕಲ್ಯಾಣದ ಹತ್ತಿರದ ಮೋರಖಂಡಿಯ ಕೂಲಿಯವರ ಓಣಿಯಲ್ಲಿ ನಂಬರು ಬರೆಯಲು ನಿಂತವಳು ಸುಮನಬಾಯಿಯೇ. ಗುಲಬರ್ಗಾದಲ್ಲಿ ಬಿ.ಎ. ಮುಗಿಸಿದ್ದಳು. ಒಂದು ವಿಶ್ವವಿದ್ಯಾಲಯದ ಸಂಶೋಧನೆಗೆ ಮನೆ ಮನೆ ಸುತ್ತಿ ಪ್ರಶ್ನೆ ಕೇಳುವ ನಾಲ್ಕು ತಿಂಗಳ ಕೆಲಸ ಸಿಕ್ಕಿತ್ತು, ಹುಮನಾಬಾದಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಚೆನ್ನಾಗಿ ಮಾಡಿದರೆ ಕಾಯಂ ಸಹಾಯಕಿಯ ಹುದ್ದೆ ಕೊಡುತ್ತೇನೆ ಎಂದು ಪ್ರೊಫೆಸರ್ ನಾಗನಾಥರು ಮಾತು ಕೊಟ್ಟಿದ್ದರು. ಇಲ್ಲದಿದ್ದರೆ ಹುಮನಾಬಾದಿನಲ್ಲೇ ಅಪ್ಪನ ಕಿರಾಣಿ ಅಂಗಡಿಯ ಹಿಂದಿನ ಕೋಣೆ, ಆಮೇಲೆ ಅಪ್ಪ ಹುಡುಕಿದ ಗಂಡು.

ಸಂಶೋಧನೆ ಅಂದರೆ ಒಂದಲ್ಲ, ಮೂರು. ಬಸವಕಲ್ಯಾಣದ ಕೋಟೆಯ ಹತ್ತಿರ ಹಿಡಿದ ಬಾಡಿಗೆ ಮನೆಯಲ್ಲಿ ಮೂವರು ವಿದ್ವಾಂಸರು ಇಳಿದಿದ್ದರು. ನಾಗನಾಥರದು ಸಮಾಜಶಾಸ್ತ್ರ, ಕುಟುಂಬದ ಗಾತ್ರ ಎಷ್ಟು ಎನ್ನುವುದು ಅವರ ವಿಷಯ. ಡಾಕ್ಟರ್ ಬಸವಣಪ್ಪನವರು ಮಕ್ಕಳ ತೋಳಿಗೆ ಪಟ್ಟಿ ಸುತ್ತಿ ಅಳತೆ ತೆಗೆಯುವವರು. ಕನ್ನಡದ ಬಕ್ಕಪ್ಪ ಮಾಸ್ತರರು ಬೀಸುವ ಪದ ಸಂಗ್ರಹಿಸಲು ಬಂದವರು; ಅವರ ಬಳಿ ಒಂದು ಕ್ಯಾಸೆಟ್ ಯಂತ್ರವಿತ್ತು. ಮೂವರೂ ಒಂದೇ ಜೀಪಿನಲ್ಲಿ ತಿರುಗುತ್ತಿದ್ದರು, ಒಂದೇ ಮೇಜಿನ ಮೇಲೆ ಉಣ್ಣುತ್ತಿದ್ದರು, ಒಬ್ಬರ ಕೆಲಸ ಇನ್ನೊಬ್ಬರಿಗೆ ಕೆಲಸವಾಗಿಯೇ ಕಾಣುತ್ತಿರಲಿಲ್ಲ.

"ಮಾಸ್ತರೇ, ಇವತ್ತ ಎಷ್ಟ ಮಂದಿ ರೋಗಿಗಳಿಗೆ ಹಾಡು ಕುಡಿಸಿದ್ರಿ?" ಎಂದು ಡಾಕ್ಟರು ಕೇಳುವರು.

"ನಿಮ್ಮ ಪಟ್ಟಿ ಸುತ್ತಿಸಿಕೊಂಡ ಮಕ್ಕಳಲ್ಲಿ ಎಷ್ಟು ಮಂದಿ ದಪ್ಪಾದರೋ ಅಷ್ಟೇ ಮಂದಿಗೆ," ಎಂದು ಮಾಸ್ತರರು ಅನ್ನುವರು.

ನಾಗನಾಥರು ನಗುತ್ತಿರಲಿಲ್ಲ. ಅವರ ಕಾಗದಗಳೇ ಅವರನ್ನು ಕಾಡುತ್ತಿದ್ದವು. ಅರವತ್ತೆರಡು ಮನೆ ಮುಗಿದಿದ್ದವು, ಎಲ್ಲ ಮನೆಯಲ್ಲೂ ಎರಡು ಮಕ್ಕಳು.

ಯಾಕೆ ಎನ್ನುವುದು ಇಡೀ ಓಣಿಗೆ ಗೊತ್ತಿತ್ತು. ಅದು ಎಮರ್ಜೆನ್ಸಿ, ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ವರ್ಷ. ಮಕ್ಕಳು ಎಷ್ಟು ಎಂದು ಕೇಳಿ ಬರೆದುಕೊಂಡು ಹೋದವರ ಹಿಂದೆಯೇ ಕ್ಯಾಂಪಿನ ಲಾರಿ ಬರುತ್ತದೆ ಎಂಬ ಹೆದರಿಕೆ ಊರೂರಿಗೂ ಹಬ್ಬಿತ್ತು. ಸುಮನಬಾಯಿಯ ಕಾಗದದಲ್ಲಿ ಮೊದಲ ಪ್ರಶ್ನೆಯೂ ಅದೇ. ಅವಳು ಓಣಿಯ ಬಾಯಿಗೆ ಬಂದರೆ ಸಾಕು, "ಪಟ್ಟಿಬಾಯಿ ಬಂದಳು" ಎಂದು ಕೂಗು ಮನೆಯಿಂದ ಮನೆಗೆ ಹೋಗುತ್ತಿತ್ತು. ಒಬ್ಬಾಕೆ ಬೇಕಂತಲೇ ಅವಳ ಕಾಲ ಹತ್ತಿರ ಮುಸುರೆ ನೀರು ಚೆಲ್ಲಿದಳು. ಒಬ್ಬ ಮುದುಕ ನಾಯಿಯನ್ನು ಬಿಟ್ಟ. ನಾಯಿ ಹತ್ತಿರ ಬಂದಾಗ ಅದರ ಕೊರಳು ಹಿಡಿದು ನಿಲ್ಲಿಸಿದವನೂ ಅದೇ ಮುದುಕ, ಅದನ್ನು ಸುಮನಬಾಯಿ ಗಮನಿಸಿದ್ದಳು.

ಮೂವತ್ತೊಂಬತ್ತನೆಯ ಮನೆ ಗಯಾಬಾಯಿಯದು. ಗಂಡ ದೇವಿದಾಸ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಮೂರಕ್ಕಿಂತ ಹೆಚ್ಚು ಮಕ್ಕಳಿದ್ದವರು ಆಪರೇಷನ್ ಚೀಟಿ ತರಬೇಕು, ಇಲ್ಲದಿದ್ದರೆ ಕೆಲಸಕ್ಕೆ ಬರಬೇಡಿ ಎಂದು ಮೇಸ್ತ್ರಿ ಹೇಳಿದ್ದ. ಗ್ಯಾಂಗಿನಲ್ಲಿ ಒಬ್ಬ ಚೀಟಿ ತರಲು ಹೋಗಿ, ಗಾಯ ಕೀವಾಗಿ, ತಿಂಗಳಾದರೂ ಎದ್ದಿರಲಿಲ್ಲ. ದೇವಿದಾಸ ಮೇಸ್ತ್ರಿಗೆ ಎರಡು ಎಂದು ಹೇಳಿಕೊಂಡು ದುಡಿಯುತ್ತಿದ್ದ.

"ಮಕ್ಕಳೆಷ್ಟು?"

"ಎರಡು."

ಅಂಗಳದಲ್ಲಿ ಐದು ಆಡುತ್ತಿದ್ದವು. ಐದಕ್ಕೂ ಒಂದೇ ಮೂಗು.

"ಮತ್ತ ಇವು?"

"ಪಕ್ಕದ ಮನೀವು."

"ಪಕ್ಕದ ಮನ್ಯಾಗ ಆಗಲೇ ಕೇಳಿ ಬಂದೆ. ಅಲ್ಲಿ ಆಡೂ ಮಕ್ಕಳು ನಿಮ್ಮ ಮನೀವು ಅಂದರು."

"ಹಂಗಾರ ನಡಬರಕ ಎಲ್ಲೋ ಇರಬೇಕು ಅವರ ಮನಿ," ಎಂದಳು ಗಯಾಬಾಯಿ. ಒಳಗಿನಿಂದ ಅತ್ತೆ ಸೋನುಬಾಯಿ ಸಣ್ಣಗೆ ನಕ್ಕದ್ದು ಕೇಳಿಸಿತು. ಸುಮನಬಾಯಿ ಎರಡು ಎಂದು ಬರೆದಳು.

ಮಾಸ್ತರರ ಯಂತ್ರ ಅವಳ ಕೈಗೆ ಬಂದದ್ದು ಅನಿವಾರ್ಯದಿಂದ. ಗಂಡಸರ ಮುಂದೆ ತಾವು ಹಾಡುವುದಿಲ್ಲ ಎಂದು ಓಣಿಯ ಹೆಂಗಸರು ಹೇಳಿದರು. ಸುಮನಬಾಯಿ ಗಯಾಬಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಹಾಡಲು ಕೇಳಿದರೆ ಒಂದು ನುಡಿಯೂ ಹೊರಡಲಿಲ್ಲ. "ಕಲ್ಲು ತಿರುಗದೇ ಪದ ಹ್ಯಾಂಗ ಬರ್ತದ?" ಎಂದಳು. ಹಾಗಾಗಿ ಒಂದು ಸಂಜೆ ಮನೆಗೆ ಹೋಗದೆ ಬಸವಕಲ್ಯಾಣದಲ್ಲೇ ಉಳಿದು, ಮರುದಿನ ನಸುಕಿನಲ್ಲಿ ಓಣಿಗೆ ಹೋದಳು. ಯಂತ್ರವನ್ನು ಗೋಡೆಗೆ ಒರಗಿಸಿ, ಬೀಸುವ ಕಲ್ಲಿನ ಗೂಟಕ್ಕೆ ಎದುರಿನಿಂದ ತಾನೂ ಕೈ ಹಾಕಿದಳು. ಅರ್ಧ ತಾಸಿನಲ್ಲಿ ಅಂಗೈ ಕೆಂಪಾಯಿತು. ಗಯಾಬಾಯಿ ನೋಡಿ ಗೂಟಕ್ಕೆ ಒಂದು ಅರಿವೆ ಸುತ್ತಿದಳು. ಆಮೇಲೆ ಹಾಡಿದಳು.

ತವರಿನ ಅಣ್ಣಂದಿರ ಪದ ಮುಗಿದು ಮಕ್ಕಳ ಪದ ಬಂತು. ಅಲ್ಲಿ ಒಂದು ರೂಢಿಯಿತ್ತು: ಕಲ್ಲಿನ ಬಾಯಿಗೆ ಒಂದೊಂದು ಹಿಡಿ ಜೋಳ ಹಾಕುವಾಗಲೂ ಒಂದೊಂದು ಮಗುವಿನ ಹೆಸರು.

ಹಿಡಿಜ್ವಾಳ ಹಾಕೇನ ಹಿರಿಯ ಅಂಬಾದಾಸಗ
ಹಸಿವಿರದ ಹೊತ್ತು ಬೆಳಗಲಿ | ನನ ಕಂದ
ಹಾದ್ಯಾಗ ಮುಳ್ಳು ಮುರಿಯಲಿ

ಎರಡನೆಯ ಹಿಡಿ ದ್ರೌಪತಿಗೆ. ಮೂರನೆಯದು ಜಿಜಾಗೆ, ನಾಲ್ಕನೆಯದು ನರಸಿಂಗನಿಗೆ, ಐದನೆಯದು ಅಜ್ಜಿಯ ಹೆಸರಿಟ್ಟ ಸಣ್ಣ ಸೋನುಗೆ. ಪದ ಮುಗಿದ ಮೇಲೆ ಕಲ್ಲು ನಿಂತಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಪದದಾಗ ಸುಳ್ಳು ಹೇಳಾಕ ಬರೂದಿಲ್ಲ," ಎಂದಳು ಗಯಾಬಾಯಿ. "ಹೆಸರು ಬಿಟ್ಟರ ಆ ಕೂಸಿಗಿ ಕೇಡು. ಈ ಪೆಟಿಗಿ ಯಾರ್ಯಾರಿಗೆ ಹೇಳ್ತದ?"

"ಬಕ್ಕಪ್ಪ ಮಾಸ್ತರ ಒಬ್ಬರಿಗೇ. ಅವರಿಗೆ ಪದ ಅಷ್ಟೇ ಬೇಕು. ಕಾಗದ ಸೈತ ಹೊರಗಿನವರ ಕೈಗೆ ಹೋಗೂದಿಲ್ಲ."

"ಕಲ್ಲ ಮುಟ್ಟಿ ಹೇಳು."

ಸುಮನಬಾಯಿ ಕಲ್ಲು ಮುಟ್ಟಿ ಹೇಳಿದಳು. ಹೇಳುವಾಗ ಅದು ನಿಜವೆಂದೇ ನಂಬಿದ್ದಳು. ಆ ವಾರ ಓಣಿಯ ಇನ್ನೂ ಆರು ಮಂದಿ ಅದೇ ಕ್ಯಾಸೆಟ್ಟಿಗೆ ಹಾಡಿದರು, ಗಯಾಬಾಯಿ ಹಾಡಿದ್ದಾಳೆ ಎಂಬ ಒಂದೇ ಕಾರಣಕ್ಕೆ.

ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಕ್ಕಪ್ಪ ಮಾಸ್ತರರು ಯಂತ್ರ ಹಚ್ಚಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಸಿಕ್ಕ ಬಂಗಾರವನ್ನು ನಾಲ್ಕು ಮಂದಿಗೆ ತೋರಿಸುವ ಸಂತೋಷ ಅಷ್ಟೆ. ಸುಮನಬಾಯಿ ಒಳಗೆ ಬರುವಷ್ಟರಲ್ಲಿ ನಾಲ್ಕನೆಯ ಹಿಡಿ ಬಿದ್ದಿತ್ತು. ನಾಗನಾಥರು ಅನ್ನ ಕಲಸುವುದನ್ನು ನಿಲ್ಲಿಸಿದ್ದರು.

"ಇದು ಯಾರ ಧ್ವನಿ?"

"ಗಯಾಬಾಯಿ ಅಂತ. ಎಂಥ ಕಂಠ ನೋಡ್ರಿ," ಎಂದರು ಮಾಸ್ತರರು.

ನಾಗನಾಥರು ಎಡಗೈಯಿಂದಲೇ ಕಾಗದದ ಕಟ್ಟು ಎಳೆದು ಮೂವತ್ತೊಂಬತ್ತನೆಯದನ್ನು ತೆಗೆದರು. "ಎರಡು ಅಂತ ಬರೆದು ಸಹಿ ಮಾಡಿದ್ದೀಯ."

"ಆಕಿ ಹಂಗ ಹೇಳಿದಳು ಸರ್."

"ಹಾಡಿನಲ್ಲಿ ಐದು ಅಂದಿದ್ದಾಳೆ. ನೀನು ಎದುರಿಗೇ ಕೂತಿದ್ದೆ. ಈ ಸುಳ್ಳುಬುರುಕರ ಜೊತೆ ನೀನೂ ಸೇರಿಕೊಂಡೆ." ಅವರ ದನಿ ಏರಲಿಲ್ಲ, ಅದೇ ಕೆಟ್ಟದಾಗಿತ್ತು. "ನಾಳೆ ಹತ್ತು ಗಂಟೆಗೆ ಕೂತು ಏಳೂ ಹೆಂಗಸರ ಪದ ಬರೆದು ತೆಗೆ. ಯಾರ ಪದದಲ್ಲಿ ಎಷ್ಟು ಹೆಸರು, ನೋಡು. ಹೊಸ ಕಾಗದ ತುಂಬಿ ಸಹಿ ಮಾಡು. ಬಾಯಿಂದ ಅವರು ಏನಾದರೂ ಹೇಳಲಿ, ಇದು ಸಾಕ್ಷಿ."

ಸುಮನಬಾಯಿ ಡಾಕ್ಟರ ಕಡೆ ನೋಡಿದಳು. ಅವರು ಬೆರಳು ನೆಕ್ಕುತ್ತ, "ನನ್ನ ಕಡೆ ನೋಡಬ್ಯಾಡವ್ವ," ಎಂದರು. "ಆ ಐದರಾಗ ಮೂರರ ತೋಳು ನನ್ನ ಹೆಬ್ಬೆರಳಿನಷ್ಟು ಅದಾವ. ಎರಡೇ ಮಕ್ಕಳು ಅಂತ ಬರದರ ಉಳಿದವಕ್ಕ ಹಾಲಿನ ಪುಡಿ ಯಾರ ಹೆಸರಿನಾಗ ಕೇಳಲಿ?"

ಡಾಕ್ಟರ ಮಾತು ಸುಳ್ಳಾಗಿರಲಿಲ್ಲ. ಸುಮನಬಾಯಿ ಹೊರಗೆ ನಡೆದಳು.

ಹೊರಗೆ ಜೀಪು ಒರೆಸುತ್ತಿದ್ದ ಡ್ರೈವರ್ ನಬೀಸಾಬ್ ಎಲ್ಲ ಕೇಳಿಸಿಕೊಂಡಿದ್ದ. ಅವನೂ ಹುಮನಾಬಾದಿನವ, ಅವಳ ಅಪ್ಪನ ಅಂಗಡಿಯಲ್ಲಿ ಬೀಡಿ ಕೊಳ್ಳುವವ. ಅವಳು ಮೆಟ್ಟಿಲ ಮೇಲೆ ಕೂತಾಗ ತಲೆ ಎತ್ತದೆಯೇ ಹೇಳಿದ:

"ಬೇಟಿ, ಹಳೇ ಪಟ್ಟಿದು ನಕಲು ನಾನೇ ಆಫೀಸಿಗೆ ಮುಟ್ಟಿಸಿ ಬಂದೀನಿ. ಹೊಸದೂ ನನ್ನ ಕೈಲೇ ಕಳಸ್ತಾರ."

"ಯಾವ ಆಫೀಸಿಗೆ?"

"ಯಾವುದು ಅಂತ ಮತ್ತ ಕೇಳಾಕತ್ತೀ. ಲಾರಿ ಎಲ್ಲಿಂದ ಹೊರಡ್ತದೋ ಅಲ್ಲಿಗೇ."

ಅವಳು ನಾಗನಾಥರ ಹತ್ತಿರ ಹೋಗಿ ನೇರವಾಗಿ ಕೇಳಿದಳು. ಅವರು ಮುಚ್ಚಿಡಲಿಲ್ಲ. ಊರೊಳಗೆ ಹೋಗಲು ಅನುಮತಿ ಕೊಟ್ಟವರು ನಕಲು ಕೇಳಿದ್ದಾರೆ, ಕೊಡದಿದ್ದರೆ ಸಂಶೋಧನೆಯೇ ಇಲ್ಲ ಎಂದರು. "ಅವರು ಅದರಿಂದ ಏನು ಮಾಡುತ್ತಾರೆ ಅನ್ನುವುದು ನನ್ನ ಶಾಸ್ತ್ರದ ಪ್ರಶ್ನೆಯಲ್ಲ."

"ನಾ ಅವರಿಗೆ ಮಾತು ಕೊಟ್ಟೀನಿ ಸರ್."

"ನಾನು ನಿನಗೆ ಹುದ್ದೆಯ ಮಾತು ಕೊಟ್ಟಿದ್ದೇನೆ. ಯಾವುದು ಉಳಿಯಬೇಕು ನೋಡಿಕೋ."

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಅವಳು ಯಂತ್ರ ತೆರೆದಳು. ಕ್ಯಾಸೆಟ್ ಕೈಚೀಲಕ್ಕೆ ಹಾಕಿಕೊಳ್ಳುವಾಗ ಬಾಗಿಲಲ್ಲಿ ಬಕ್ಕಪ್ಪ ಮಾಸ್ತರರು ನಿಂತಿದ್ದರು. ನಾಲ್ಕು ವರ್ಷ ತಿರುಗಿದರೂ ಅಂಥ ಪದ ಅವರಿಗೆ ಎಲ್ಲೂ ಸಿಕ್ಕಿರಲಿಲ್ಲ, ಅದನ್ನು ಅವರೇ ಹೇಳಿದ್ದರು. ಅವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಬಹಳ ಹೊತ್ತು ಒರೆಸಿದರು. ಕನ್ನಡಕವಿಲ್ಲದೆ ಅವರಿಗೆ ಮೇಜಿನಾಚೆ ಏನೂ ಕಾಣುತ್ತಿರಲಿಲ್ಲ.

"ಸೆಲ್ಲು ತೆಗೆದಿಡವ್ವ. ಹಂಗೇ ಬಿಟ್ಟರ ಸೋರ್ತಾವ," ಎಂದು ಹೇಳಿ ಕಿಟಕಿಯ ಕಡೆ ತಿರುಗಿದರು.

ಅವಳು ರಾಜೀನಾಮೆ ಎಂದೇನೂ ಬರೆಯಲಿಲ್ಲ. ಮೂವತ್ತೊಂಬತ್ತನೆಯ ಕಾಗದ ಎರಡು ಎಂದೇ ಇದ್ದ ಹಾಗೆ ಮೇಜಿನ ಮೇಲೆ ಬಿಟ್ಟು, ಮೋರಖಂಡಿಯ ದಾರಿ ಹಿಡಿದು ನಡೆದಳು.

ಗಯಾಬಾಯಿ ಕೂಲಿಗೆ ಹೊರಡುವ ಸಿದ್ಧತೆಯಲ್ಲಿದ್ದಳು. ಸುಮನಬಾಯಿ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದಳು: ಪದ ನಾಲ್ಕು ಮಂದಿ ಕೇಳಿದರು, ಕಾಗದದ ನಕಲು ಆಫೀಸಿಗೆ ಹೋಗಿದೆ, ಅದರಲ್ಲಿ ಎರಡು ಎಂದೇ ಇದೆ, ಐದು ಎನ್ನಲು ಇರುವ ಸಾಕ್ಷಿ ಈ ಡಬ್ಬಿ ಒಂದೇ. ಹೇಳುತ್ತ ಹೇಳುತ್ತ ಓಣಿಯ ಹೆಂಗಸರೆಲ್ಲ ಸೇರಿದರು.

"ಕಲ್ಲ ಮುಟ್ಟಿದ್ದಿ," ಎಂದಳು ಗಯಾಬಾಯಿ.

"ಹೌದ್ರಿ. ನನಗ ಗೊತ್ತಿದ್ದಿಲ್ಲ."

"ಗೊತ್ತಿಲ್ಲದವಳು ಯಾಕ ಮುಟ್ಟಿದಿ? ನನ್ನ ಗಂಡ ಇವತ್ತ ಗ್ಯಾಂಗಿಗೆ ಹೋಗ್ಯಾನ. ಸಂಜೀಕ ಬರ್ತಾನೋ ಇಲ್ಲೋ ಅಂತ ನಾ ಹಾದಿ ನೋಡಬೇಕು. ನೀ ಬಸ್ ಹತ್ತಿ ಮನಿಗಿ ಹೋಗ್ತಿ."

"ಓದಿದಾಕಿ ನೋಡ್ರಿ," ಎಂದಳು ಒಬ್ಬಾಕೆ. "ಬೀಸಾಕ ಕೂತಾಗೇ ಅಂದಿದ್ದೆ, ಪುಗಸಟ್ಟೆ ಬೀಸವರು ಯಾರಿದಾರ ಅಂತ."

ಸೋನುಬಾಯಿ ಮುದುಕಿ ಕೈ ಚಾಚಿದಳು. ಕ್ಯಾಸೆಟ್ ತೆಗೆದುಕೊಂಡು, ಒಳಗಿನ ಕಂದು ಪಟ್ಟಿಯನ್ನು ಉಗುರಿನಿಂದ ಹಿಡಿದು, ನೂಲು ಬಿಚ್ಚಿದಂತೆ ಮಾರು ಮಾರು ಎಳೆದಳು. ಅದು ಅಂಗಳದಲ್ಲಿ ಗುಪ್ಪೆಯಾಗಿ ಬಿತ್ತು. ಆಮೇಲೆ ಅಷ್ಟನ್ನೂ ಒಲೆಗೆ ತುರುಕಿದಳು. ಏಳು ಹೆಂಗಸರು ತಮ್ಮ ಪದ ಸುಡುವುದನ್ನು ನೋಡುತ್ತ ನಿಂತರು. ಯಾರ ಮುಖದಲ್ಲೂ ಸಮಾಧಾನವಿರಲಿಲ್ಲ.

"ಇನ್ನ ನಡಿ," ಎಂದಳು ಗಯಾಬಾಯಿ. "ಈ ಓಣ್ಯಾಗ ಮತ್ತ ಕಾಲಿಡಬ್ಯಾಡ."

ಬಸವಕಲ್ಯಾಣಕ್ಕೆ ಮರಳುವ ಹಾಗಿರಲಿಲ್ಲ. ಹುಮನಾಬಾದಿನ ಕಡೆ ಹೋಗುವ ಬಸ್ಸು ಮಧ್ಯಾಹ್ನಕ್ಕೆ. ಸುಮನಬಾಯಿ ರಸ್ತೆಯ ಪಕ್ಕದ ಕಲ್ಲುರಾಶಿಯ ಮೇಲೆ ಕೂತಳು. ಹಿಂದಿನ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಅಪ್ಪನಿಗೆ ಏನು ಹೇಳುವುದು ಎಂದು ಯೋಚಿಸಲು ನೋಡಿದಳು, ಯೋಚನೆ ಮುಂದೆ ಹೋಗಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಓಣಿಯ ಹೆಂಗಸರು ತಲೆಯ ಮೇಲೆ ಬುತ್ತಿ ಹೊತ್ತು ಕಬ್ಬಿನ ಹೊಲದ ಕಡೆ ಸಾಲಾಗಿ ಬಂದರು. ಕೆಲಸಕ್ಕೆ ತಡವಾಗಿತ್ತು, ಆ ಸಿಟ್ಟೂ ಸೇರಿತ್ತು. "ಕಲ್ಲು ಎಷ್ಟ ಅದಾವ ಅಂತ ಬರಕೊಳ್ಳಾಕತ್ತಾಳ ಪಟ್ಟಿಬಾಯಿ," ಎಂದಳು ಮುಂದಿನಾಕೆ. "ಒಂದೊಂದಕ್ಕೂ ಎರಡೇ ಮಕ್ಕಳಂತ," ಎಂದಳು ಇನ್ನೊಬ್ಬಳು. ಸಾಲು ನಗುತ್ತ ಸಾಗಿತು. ಸುಮನಬಾಯಿ ನೆಲ ನೋಡುತ್ತ ಕೂತಳು.

ಕೊನೆಯಲ್ಲಿ ಗಯಾಬಾಯಿ ಬಂದಳು. ನಗುವವರನ್ನು ಅವಳು ತಡೆಯಲಿಲ್ಲ. ಹತ್ತಿರ ಬಂದಾಗ ನಿಂತು, ತಲೆಯ ಮೇಲಿನ ಬುತ್ತಿ ಇಳಿಸಿ, ಗಂಟು ಬಿಚ್ಚಿದಳು. ಒಳಗೆ ನಾಲ್ಕು ಜೋಳದ ರೊಟ್ಟಿ, ನಡುವೆ ಪುಂಡಿಪಲ್ಲೆ, ಒಂದು ಹಸಿಮೆಣಸಿನಕಾಯಿ. ಎರಡು ರೊಟ್ಟಿ ತೆಗೆದು ಅರ್ಧ ಪಲ್ಲೆಯನ್ನು ಬೆರಳಿನಿಂದ ಅವುಗಳ ಮೇಲೆ ಸರಿಸಿ, ಸುಮನಬಾಯಿಯ ಕೈಗೆ ಇಟ್ಟಳು. ಮೆಣಸಿನಕಾಯಿಯನ್ನೂ ಇಟ್ಟಳು. ಮುಖ ನೋಡಲಿಲ್ಲ. ಉಳಿದದ್ದನ್ನು ಮತ್ತೆ ಗಂಟು ಕಟ್ಟಿಕೊಂಡು, ಮುಂದೆ ಹೋದವರನ್ನು ಕೂಡಿಕೊಳ್ಳಲು ಬಿರಬಿರನೆ ನಡೆದಳು.